ಮಾದಾಪುರದಿಂದ ಶಿಕಾಗೊ: ದೂರವೆಷ್ಟು, ಹೊತ್ತೆಷ್ಟು?

ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೂ ಅಮೆರಿಕದ ಶಿಕಾಗೊ ನಗರದ ಓಹೇರ್ ವಿಮಾನ ನಿಲ್ದಾಣಕ್ಕೂ ನಡುವಿನ ನೇರ ದೂರ ಸುಮಾರು 13,280 ಕಿಲೋಮೀಟರು. ಇದು ಲೆಕ್ಕದಿಂದ ಬರುವ ಅಂಕಿ. ಭೂಮಿಯ ಆಕಾರ ಬದಲಾಗದ ಹೊರತು ಈ ಅಂಕಿಯೂ ಬದಲಾಗುವುದಿಲ್ಲ. ಆದರೆ ಇದೇ ಎರಡು ನಿಲ್ದಾಣಗಳ ನಡುವೆ ಹೋಗುವಾಗ ಒಂದು ಹೊತ್ತು ಹಿಡಿಯುತ್ತದೆ, ಬರುವಾಗ ಇನ್ನೊಂದು. ಚಳಿಗಾಲದಲ್ಲಿ ಒಂದು, ಬೇಸಿಗೆಯಲ್ಲಿ ಮತ್ತೊಂದು. ಗಡಿಯಾರ ನೋಡಿದರೆ ಐದೇ ಗಂಟೆಯಲ್ಲಿ ತಲುಪಿದಂತೆ ಕಾಣುತ್ತದೆ. ಮನೆಯಿಂದ ಮನೆಗೆ ಎಣಿಸಿದರೆ ಪೂರ್ತಿ ಒಂದು ದಿನವೇ ಕಳೆದಿರುತ್ತದೆ. ದೂರವನ್ನು ಭೂಮಿಯ ಆಕಾರ ನಿರ್ಧರಿಸಿದರೆ, ಹೊತ್ತನ್ನು ಗಾಳಿ, ಗಡಿ, ಗಡಿಯಾರ ಮತ್ತು ರಸ್ತೆ ಈ ನಾಲ್ಕೂ ಸೇರಿ ನಿರ್ಧರಿಸುತ್ತವೆ.

ಈ ಲೆಕ್ಕ ಮಾದಾಪುರದ ಮಟ್ಟಿಗೆ ಬರಿಯ ಕುತೂಹಲದ ಮಾತಲ್ಲ. 1998ರಲ್ಲಿ ಸೈಬರ್ ಟವರ್ಸ್ ಕಟ್ಟಡ ತೆರೆದ ಮೇಲೆ ಮಾದಾಪುರ ಹೈದರಾಬಾದಿನ ಸಾಫ್ಟ್‌ವೇರ್ ಉದ್ಯಮದ ನಡುಮನೆಯಾಯಿತು. ಬೀದರ್, ಕಲಬುರಗಿ, ರಾಯಚೂರು ಕಡೆಯ ಕನ್ನಡಿಗರಿಗೆ ಬೆಂಗಳೂರಿಗಿಂತ ಹತ್ತಿರದ ದುಡಿಮೆಯ ಊರು ಇದು. ಇಲ್ಲಿಂದ ಒಂದು ದಾರಿ ಬೆಂಗಳೂರಿಗೆ, ಇನ್ನೊಂದು ಅಮೆರಿಕಕ್ಕೆ. ಶಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟವನ್ನು ಕಟ್ಟಿ ನಡೆಸುವಷ್ಟು ಕನ್ನಡ ಕುಟುಂಬಗಳು ನೆಲೆಸಿವೆ. ಮಗನ ಮನೆಗೆ, ಮಗಳ ಬಾಣಂತನಕ್ಕೆ ಹೊರಡುವ ತಂದೆತಾಯಿಯರು ಮೊದಲು ಕೇಳುವ ಪ್ರಶ್ನೆಯೂ ಇದೇ: ಎಷ್ಟು ಹೊತ್ತಿನ ಪ್ರಯಾಣ?

ಮೊದಲು ದೂರದ ವಿಷಯ. ಭೂಮಿಯ ಮೇಲಿನ ಪ್ರತಿಯೊಂದು ಜಾಗಕ್ಕೂ ಅಕ್ಷಾಂಶ, ರೇಖಾಂಶ ಎಂಬ ಎರಡು ಅಂಕಿಗಳಿವೆ. ಶಂಷಾಬಾದ್ ನಿಲ್ದಾಣ ಉತ್ತರ ಅಕ್ಷಾಂಶ 17.24, ಪೂರ್ವ ರೇಖಾಂಶ 78.43 ಡಿಗ್ರಿಯಲ್ಲಿದೆ. ಓಹೇರ್ ನಿಲ್ದಾಣ ಉತ್ತರ ಅಕ್ಷಾಂಶ 41.98, ಪಶ್ಚಿಮ ರೇಖಾಂಶ 87.90 ಡಿಗ್ರಿಯಲ್ಲಿದೆ. ಈ ನಾಲ್ಕು ಅಂಕಿಗಳಿಂದ, ಭೂಮಿಯ ಕೇಂದ್ರದಲ್ಲಿ ಎರಡೂ ಊರುಗಳ ನಡುವೆ ಎಷ್ಟು ಕೋನವಿದೆ ಎಂಬುದನ್ನು ತ್ರಿಕೋನಮಿತಿಯ ಸೂತ್ರದಿಂದ ಕಂಡುಹಿಡಿಯಬಹುದು. ಆ ಕೋನ 119 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರು. ಎರಡನ್ನೂ ಗುಣಿಸಿದರೆ ದೂರ ಸಿಗುತ್ತದೆ. ವಿಮಾನಯಾನದಲ್ಲಿ ಬಳಸುವ ನಾಟಿಕಲ್ ಮೈಲಿಯೂ ಹುಟ್ಟಿದ್ದು ಈ ಡಿಗ್ರಿಯಿಂದಲೇ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಸಮನಾದ ಅದರ ಉದ್ದ ಈಗ 1,852 ಮೀಟರ್ ಎಂದು ನಿಗದಿಯಾಗಿದೆ.

ಒಂದು ಡಿಗ್ರಿಯ ಉದ್ದ 111 ಕಿಲೋಮೀಟರು ಎಂದು ತಿಳಿದದ್ದು ಕುಳಿತಲ್ಲೇ ಅಲ್ಲ, ನೆಲವನ್ನು ಅಳೆದು. ಆ ಅಳತೆಯ ಒಂದು ದೊಡ್ಡ ಅಧ್ಯಾಯ ಕನ್ನಡ ನಾಡಿನಲ್ಲಿಯೇ ನಡೆಯಿತು. ಟಿಪ್ಪುಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನಲ್ಲಿ ಸುಮಾರು 12 ಕಿಲೋಮೀಟರ್ ಉದ್ದದ ಒಂದು ಆಧಾರ ರೇಖೆಯನ್ನು ಉಕ್ಕಿನ ಸರಪಳಿ ಹಿಡಿದು ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ವಿಧಿವತ್ತಾಗಿ ಆರಂಭವಾಯಿತು. ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ, 78ನೇ ರೇಖಾಂಶದ ಆಸುಪಾಸಿನಲ್ಲಿ, ತ್ರಿಕೋನಗಳ ಒಂದು ಸರಣಿ ಬೆಳೆಯುತ್ತ ಹೋಯಿತು. ಅದು ಬೆಂಗಳೂರಿನ ಹತ್ತಿರದಿಂದ ಹಾಯ್ದು ಬೀದರ್ ಸೀಮೆಗೆ ಬಂದಾಗ, 1815ರಲ್ಲಿ, ಅಲ್ಲಿಯೂ ಒಂದು ಆಧಾರ ರೇಖೆಯನ್ನು ಅಳೆಯಲಾಯಿತು. 1818ರ ಕೊನೆಯಲ್ಲಿ ಜಾರ್ಜ್ ಎವರೆಸ್ಟ್ ಹೈದರಾಬಾದಿಗೆ ಬಂದು ಲ್ಯಾಂಬ್ಟನ್ನನ ಸಹಾಯಕನಾಗಿ ಸೇರಿಕೊಂಡ. ಇವರ ಅಳತೆಗಳಿಂದ ಎರಡು ಸಂಗತಿಗಳು ದೃಢಪಟ್ಟವು. ಒಂದು, ಡಿಗ್ರಿಯ ಉದ್ದ. ಇನ್ನೊಂದು, ಭೂಮಿ ಪೂರ್ಣ ಗೋಳವಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ ಎಂಬುದು. ಸಮಭಾಜಕ ವೃತ್ತದಲ್ಲಿ ಭೂಮಿಯ ತ್ರಿಜ್ಯ 6,378 ಕಿಲೋಮೀಟರು, ಧ್ರುವದಲ್ಲಿ 6,357. ವಿಮಾನಯಾನ ಇಂದು ಉಪಗ್ರಹಗಳ ಅಳತೆಯನ್ನು ಆಧರಿಸಿದ, 1984ರಲ್ಲಿ ರೂಪುಗೊಂಡ ಜಾಗತಿಕ ಮಾನಕವನ್ನು ಬಳಸುತ್ತದೆ. ಆದರೂ ಈ 21 ಕಿಲೋಮೀಟರ್ ವ್ಯತ್ಯಾಸವನ್ನು ಲೆಕ್ಕಕ್ಕೆ ಸೇರಿಸುವ ವಿಧಾನ ಅಂದಿನದೇ. ಶಿಕಾಗೊದಷ್ಟು ದೂರಕ್ಕೆ ಗೋಳದ ಲೆಕ್ಕಕ್ಕೂ ಚಪ್ಪಟೆ ಗೋಳದ ಲೆಕ್ಕಕ್ಕೂ ಬರುವ ಅಂತರ ಕೆಲವೇ ಕಿಲೋಮೀಟರು.

ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಗೆ ಮಹಾವೃತ್ತದ ದಾರಿ ಎಂದು ಹೆಸರು. ಗೋಡೆಗೆ ತೂಗುಹಾಕಿದ ನಕ್ಷೆ ಈ ದಾರಿಯನ್ನು ಮರೆಮಾಚುತ್ತದೆ. ಶಾಲೆಯ ನಕ್ಷೆಯಲ್ಲಿ ಹೈದರಾಬಾದಿನಿಂದ ಶಿಕಾಗೊಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಅರೇಬಿಯಾ, ಆಫ್ರಿಕದ ಉತ್ತರದ ಅಂಚು, ಅಟ್ಲಾಂಟಿಕ್ ಸಾಗರಗಳ ಮೇಲೆ ಪಶ್ಚಿಮಕ್ಕೆ ಸಾಗುತ್ತದೆ. ನಾವಿಕರ ಮರ್ಕೇಟರ್ ನಕ್ಷೆಯ ಮೇಲೆ ಹಾಗೆ ಎಳೆದ ಗೆರೆಯ ನಿಜವಾದ ಉದ್ದ ಸುಮಾರು 16,100 ಕಿಲೋಮೀಟರು. ಮಹಾವೃತ್ತದ ದಾರಿಗಿಂತ 2,800 ಕಿಲೋಮೀಟರು ಹೆಚ್ಚು! ಮೇಜಿನ ಮೇಲಿಡುವ ಭೂಗೋಳದ ಮಾದರಿಯ ಮೇಲೆ ಎರಡೂ ಊರುಗಳಿಗೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ ನಿಜ ತಿಳಿಯುತ್ತದೆ. ದಾರ ಪಶ್ಚಿಮಕ್ಕೆ ಹೋಗುವುದಿಲ್ಲ. ಉತ್ತರ ದಿಕ್ಕಿನಿಂದ ಎಡಕ್ಕೆ ಹನ್ನೆರಡು ಡಿಗ್ರಿಯಷ್ಟೇ ವಾಲಿ, ಹೆಚ್ಚುಕಡಿಮೆ ನೇರ ಉತ್ತರಕ್ಕೆ ಏರುತ್ತದೆ. ಪಂಜಾಬ್, ಕಾರಕೋರಂ ಪರ್ವತ, ಕಝಾಕಸ್ತಾನ, ರಷ್ಯದ ಉರಲ್ ಪರ್ವತಗಳನ್ನು ದಾಟಿ ಬ್ಯಾರೆಂಟ್ಸ್ ಸಮುದ್ರಕ್ಕೆ ಬರುತ್ತದೆ. ಗ್ರೀನ್‌ಲ್ಯಾಂಡಿನ ಪೂರ್ವಕ್ಕಿರುವ ಕಡಲಿನಲ್ಲಿ 79 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ, ಅಲ್ಲಿಂದ ಇಳಿಯತೊಡಗುತ್ತದೆ. ಮುಂದೆ ಬ್ಯಾಫಿನ್ ದ್ವೀಪ, ಹಡ್ಸನ್ ಕೊಲ್ಲಿಗಳ ಮೇಲೆ ಸಾಗಿ ಶಿಕಾಗೊ ಸೇರುತ್ತದೆ. ತೆಲಂಗಾಣದ ಸೆಖೆಯಿಂದ ಹೊರಟವರು ಧ್ರುವಪ್ರದೇಶದ ಹಿಮದ ಮೇಲೆ ಹಾರಬೇಕಾಗಿ ಬರುವುದು ಇದರಿಂದ.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇದೇ ಲೆಕ್ಕ ಹಾಕಿದರೆ ಸುಮಾರು 13,990 ಕಿಲೋಮೀಟರು ಬರುತ್ತದೆ. ಅಲ್ಲಿ ಮಹಾವೃತ್ತ ಉತ್ತರದಿಂದ ಬಲಕ್ಕೆ ವಾಲುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯಗಳ ಮೇಲೆ ಹೋಗುತ್ತದೆ. ಆದರೆ 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ತಡೆರಹಿತ ಸೇವೆ ಆರಂಭಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದದ್ದು ಉತ್ತರ ಧ್ರುವದ ಮೇಲಿನಿಂದ. ಧ್ರುವಬಿಂದುವನ್ನೇ ಮುಟ್ಟಿ ಬಂದರೂ ದಾರಿ ಸುಮಾರು 14,360 ಕಿಲೋಮೀಟರಷ್ಟೇ ಆಗುತ್ತದೆ. ಎಂದರೆ ಅತಿ ಹತ್ತಿರದ ದಾರಿಗಿಂತ 370 ಕಿಲೋಮೀಟರು ಮಾತ್ರ ಹೆಚ್ಚು, ಅರ್ಧ ಗಂಟೆಗೂ ಕಡಿಮೆ ಹಾರಾಟ. ಭೂಮಿಯ ಎರಡು ಎದುರು ಬದಿಗಳಲ್ಲಿರುವ ಊರುಗಳ ನಡುವೆ ದಾರಿ ಸ್ವಲ್ಪ ಅತ್ತಿತ್ತ ಸರಿದರೂ ಉದ್ದ ಹೆಚ್ಚು ಬೆಳೆಯುವುದಿಲ್ಲ. ದಾರಿ ಆಯ್ದುಕೊಳ್ಳುವವರಿಗೆ ಈ ಗುಣದಿಂದ ಬಹಳ ಸ್ವಾತಂತ್ರ್ಯ ದೊರೆಯುತ್ತದೆ.

ಆ ಸ್ವಾತಂತ್ರ್ಯ ಬೇಕಾಗಿಯೂ ಇದೆ. ಮಹಾವೃತ್ತ ತೋರಿಸಿದ ದಾರಿಯಲ್ಲೇ ವಿಮಾನ ಹೋಗಲು ಎಷ್ಟೋ ಅಡ್ಡಿಗಳಿವೆ. ಮೊದಲನೆಯದು ನೆಲ. ವಿಮಾನದೊಳಗಿನ ಗಾಳಿಯ ಒತ್ತಡ ಏಕಾಏಕಿ ಕುಸಿದರೆ ಪ್ರಯಾಣಿಕರ ಮುಂದೆ ಮುಖವಾಡಗಳು ಇಳಿಬೀಳುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ನಿಮಿಷಕ್ಕೆ ಸಾಕಾಗುವಷ್ಟು ಆಮ್ಲಜನಕ ಇರುತ್ತದೆ. ಅಷ್ಟರೊಳಗೆ ವಿಮಾನ ಸುಮಾರು 10,000 ಅಡಿಗೆ, ಎಂದರೆ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ, ಇಳಿಯಲು ಜಾಗವೇ ಇಲ್ಲ. ಆದ್ದರಿಂದ ವಿಮಾನಗಳು ಸಾಮಾನ್ಯವಾಗಿ ಆ ಭಾಗವನ್ನು ತಪ್ಪಿಸಿ, ಸುತ್ತುಬಳಸಿ ಹೋಗುತ್ತವೆ.

ಎರಡನೆಯ ಅಡ್ಡಿ ಚಳಿ. ಧ್ರುವಪ್ರದೇಶದ ಮೇಲೆ ಹೊರಗಿನ ಗಾಳಿ ಬಹಳ ತಣ್ಣಗಿರುತ್ತದೆ. ವಿಮಾನದ ಇಂಧನ ಅದರ ಬಗೆಗೆ ತಕ್ಕಂತೆ ಸೊನ್ನೆಗಿಂತ 40 ಅಥವಾ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ರೆಕ್ಕೆಯೊಳಗಿನ ಇಂಧನದ ಉಷ್ಣತೆಯನ್ನು ಪೈಲಟ್ ಗಮನಿಸುತ್ತಲೇ ಇರಬೇಕು, ಬೇಕಾದರೆ ಕೆಳಗಿಳಿದು ಕಡಿಮೆ ಚಳಿಯ ಪದರವನ್ನು ಹಿಡಿಯಬೇಕು. ಅಲ್ಲಿ ಕಾಂತೀಯ ದಿಕ್ಸೂಚಿಯನ್ನು ನಂಬುವಂತಿಲ್ಲ. ತುರ್ತಾಗಿ ಇಳಿಯಲು ನಿಲ್ದಾಣಗಳೂ ವಿರಳ.

ಮೂರನೆಯದು ಗಡಿ. ಆಕಾಶದಲ್ಲಿ ಗೆರೆ ಇಲ್ಲದಿದ್ದರೂ ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ವಾಯುಪ್ರದೇಶದ ಒಡೆತನವಿದೆ. ಅನುಮತಿ ಇಲ್ಲದೆ ಅದನ್ನು ದಾಟುವಂತಿಲ್ಲ, ದಾಟಲು ಶುಲ್ಕವನ್ನೂ ಕಟ್ಟಬೇಕು. 2019ರ ಫೆಬ್ರವರಿ 27ರಿಂದ ಜುಲೈ ಮಧ್ಯದವರೆಗೆ ಪಾಕಿಸ್ತಾನದ ವಾಯುಪ್ರದೇಶದ ಬಹುಭಾಗ ಮುಚ್ಚಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯ ತನ್ನ ಆಕಾಶವನ್ನು ಯುರೋಪಿಯನ್ ಒಕ್ಕೂಟ, ಬ್ರಿಟನ್, ಕೆನಡಾ ಮತ್ತು ಅಮೆರಿಕದ ವಿಮಾನಗಳಿಗೆ ಮುಚ್ಚಿತು; ಭಾರತದ ವಿಮಾನಗಳಿಗೆ ಆ ನಿರ್ಬಂಧ ಇರಲಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ಮತ್ತೆ ಬಾಗಿಲು ಹಾಕಿತು. ಆಗ ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಬಳಸಿಕೊಂಡು ಹೋಗಿ, ವಿಯೆನ್ನಾ ಅಥವಾ ಕೋಪನ್‌ಹೇಗನ್‌ನಲ್ಲಿ ಇಂಧನಕ್ಕಾಗಿ ಇಳಿಯಬೇಕಾಯಿತು. ಊರುಗಳು ಇದ್ದಲ್ಲೇ ಇದ್ದವು, ಲೆಕ್ಕದ ದೂರವೂ ಅಷ್ಟೇ ಇತ್ತು. ಪ್ರಯಾಣ ಮಾತ್ರ ಗಂಟೆಗಟ್ಟಲೆ ಉದ್ದವಾಯಿತು.

ಇನ್ನು ವೇಗ. ದೂರದೂರಿಗೆ ಹೋಗುವ ಜೆಟ್ ವಿಮಾನ ಹತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ. ಅಲ್ಲಿ ಗಾಳಿ ತೆಳು, ತಡೆ ಕಡಿಮೆ, ಇಂಧನ ಉಳಿತಾಯ. ವಿಮಾನದ ವೇಗವನ್ನು ಶಬ್ದದ ವೇಗದೊಂದಿಗೆ ಹೋಲಿಸಿ ಹೇಳುವುದು ವಾಡಿಕೆ. ಬೋಯಿಂಗ್ 777 ಶಬ್ದದ ವೇಗದ ನೂರಕ್ಕೆ 84ರಷ್ಟು ವೇಗದಲ್ಲಿ ಸಾಗುತ್ತದೆ. ಶಬ್ದದ ವೇಗ ನೆಲಮಟ್ಟದಲ್ಲಿ ಗಂಟೆಗೆ 1,225 ಕಿಲೋಮೀಟರ್ ಇದ್ದರೆ, ಮೇಲಿನ ಕಡುಚಳಿಯಲ್ಲಿ ಸುಮಾರು 1,060ಕ್ಕೆ ಇಳಿಯುತ್ತದೆ. ಆದ್ದರಿಂದ ವಿಮಾನದ ವೇಗ ಗಂಟೆಗೆ 890 ಕಿಲೋಮೀಟರಿನ ಆಸುಪಾಸು. ಲೆಕ್ಕದ ಅನುಕೂಲಕ್ಕೆ 900 ಎನ್ನಬಹುದು.

ಆದರೆ ಇದು ಸುತ್ತಲಿನ ಗಾಳಿಯ ಲೆಕ್ಕದಲ್ಲಿ ವಿಮಾನದ ವೇಗ, ನೆಲದ ಲೆಕ್ಕದಲ್ಲಿ ಅಲ್ಲ. ಗಾಳಿಯೇ ಚಲಿಸುತ್ತಿದ್ದರೆ ಅದರ ವೇಗವನ್ನು ಕೂಡಬೇಕು, ಇಲ್ಲವೇ ಕಳೆಯಬೇಕು. ಹಿಂದಿನಿಂದ ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ 900ರ ವಿಮಾನ ನೆಲದ ಮೇಲೆ 1,000 ಕಿಲೋಮೀಟರ್ ದಾಟುತ್ತದೆ. ಅದೇ ಗಾಳಿ ಎದುರಿಗಿದ್ದರೆ 800 ಮಾತ್ರ. 13,280 ಕಿಲೋಮೀಟರಿಗೆ ಮೊದಲನೆಯದು 13 ಗಂಟೆ 17 ನಿಮಿಷ, ಎರಡನೆಯದು 16 ಗಂಟೆ 36 ನಿಮಿಷ. ಹೋಗುವಾಗಿನ ನಷ್ಟ ಬರುವಾಗ ಸರಿಹೋಗುತ್ತದೆ ಎಂದು ತೋರಬಹುದು. ಹಾಗಾಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರಲು 29 ಗಂಟೆ 31 ನಿಮಿಷ ಸಾಕಿತ್ತು. ಗಾಳಿ ಇದ್ದಾಗ 29 ಗಂಟೆ 53 ನಿಮಿಷ ಬೇಕು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ, ಕಳೆದುಕೊಂಡ ನಿಮಿಷಗಳು ಅನುಕೂಲದ ಗಾಳಿಯಲ್ಲಿ ಪೂರ್ತಿ ಮರಳಿ ಸಿಗುವುದಿಲ್ಲ.

ಉತ್ತರ ಗೋಳಾರ್ಧದ ನಡುವಣ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಬಿರುಗಾಳಿಯ ಪಟ್ಟಿಗಳಿವೆ. ಇವಕ್ಕೆ ಜೆಟ್ ಪ್ರವಾಹ ಎಂದು ಹೆಸರು. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಓಯಿಶಿ ಬಲೂನುಗಳನ್ನು ಹಾರಿಬಿಟ್ಟು ಇದನ್ನು ಗುರುತಿಸಿದ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನತ್ತ ಹಾರಿದ ಬಾಂಬರ್ ವಿಮಾನಗಳ ಪೈಲಟ್‌ಗಳಿಗೆ ಅದರ ಬಲ ನೇರವಾಗಿ ಅನುಭವಕ್ಕೆ ಬಂತು. ಚಳಿಗಾಲದಲ್ಲಿ ಈ ಪ್ರವಾಹ ಬಲವಾಗಿ, ದಕ್ಷಿಣಕ್ಕೆ ಸರಿಯುತ್ತದೆ. ಬೇಸಿಗೆಯಲ್ಲಿ ದುರ್ಬಲವಾಗಿ, ಉತ್ತರಕ್ಕೆ ಸರಿಯುತ್ತದೆ. 2020ರ ಫೆಬ್ರವರಿಯಲ್ಲಿ, ಕಿಯಾರಾ ಬಿರುಗಾಳಿಯ ಸಮಯದಲ್ಲಿ, ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ತಲುಪಿತು. ಸಾಮಾನ್ಯವಾಗಿ ಆ ಹಾರಾಟಕ್ಕೆ ಆರು ಗಂಟೆಗಿಂತ ಹೆಚ್ಚು ಬೇಕು. ದಕ್ಷಿಣ ಭಾರತದ ಆಕಾಶಕ್ಕೆ ಇನ್ನೊಂದು ವಿಶೇಷವಿದೆ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಇನ್ನೂ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ, ತಿರುಗುಮುರುಗಾಗಿ, ಒಂದು ಜೆಟ್ ಪ್ರವಾಹ ಹರಿಯುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1950ರ ದಶಕದಲ್ಲಿ ಇದನ್ನು ವಿವರಿಸಿದರು.

ಗಾಳಿಯನ್ನು ಬಲ್ಲವರು ದೂರದ ದಾರಿಯಲ್ಲಿ ಹೋಗಿ ಬೇಗ ತಲುಪಬಹುದು ಎಂಬುದಕ್ಕೆ 2016ರ ಅಕ್ಟೋಬರ್ ತಿಂಗಳ ಒಂದು ಹಾರಾಟ ಒಳ್ಳೆಯ ಸಾಕ್ಷಿ. ಅಲ್ಲಿಯವರೆಗೆ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿಲೋಮೀಟರ್ ಸಾಗುತ್ತಿತ್ತು. ಆ ತಿಂಗಳು ಅದು ಪೂರ್ವಕ್ಕೆ ತಿರುಗಿ ಪೆಸಿಫಿಕ್ ಸಾಗರದ ಮೇಲೆ ಸುಮಾರು 15,300 ಕಿಲೋಮೀಟರ್ ಹಾರಿತು. 1,400 ಕಿಲೋಮೀಟರ್ ಹೆಚ್ಚು ದಾರಿ. ಆದರೂ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಬೇಗ ತಲುಪಿತು. ದಾರಿಯುದ್ದಕ್ಕೂ ಗಾಳಿ ಹಿಂದಿನಿಂದ ತಳ್ಳುತ್ತಿದ್ದುದೇ ಅದಕ್ಕೆ ಕಾರಣ. ದೊಡ್ಡ ವಿಮಾನವೊಂದು ಗಂಟೆಗೆ ಏಳೆಂಟು ಟನ್ ಇಂಧನ ಸುಡುವುದರಿಂದ, ಉಳಿದ ಹೊತ್ತು ಎಂದರೆ ಉಳಿದ ಹಣ. ವಿಮಾನ ಸಂಸ್ಥೆಗಳು ಪ್ರತಿ ಹಾರಾಟಕ್ಕೂ ಮುನ್ನ ಆ ದಿನದ ಗಾಳಿಯ ಮುನ್ಸೂಚನೆ ನೋಡಿ ಹೊಸದಾಗಿ ದಾರಿ ಹಾಕುತ್ತವೆ. ನಿನ್ನೆ ಹಾರಿದ ದಾರಿಯಲ್ಲೇ ಇಂದೂ ಹಾರಬೇಕೆಂದಿಲ್ಲ.

ವೇಳಾಪಟ್ಟಿಯಲ್ಲಿ ಕಾಣುವ ಹೊತ್ತು ಬರಿಯ ಹಾರಾಟದ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಚಕ್ರಕ್ಕೆ ಅಡ್ಡಗಟ್ಟೆ ಇಡುವವರೆಗಿನ ಹೊತ್ತು ಅದು. ವಿಮಾನಯಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ಮೇಲೇರುವುದು, ಇಳಿಯುವ ಮುನ್ನ ಸುತ್ತು ಹಾಕುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಈ ನಿಧಾನದ ಕೆಲಸಗಳಿಗೆ ಹತ್ತಿರದ ಊರಾಗಲಿ ದೂರದ ಊರಾಗಲಿ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುತ್ತದೆ. ಆದ್ದರಿಂದ ಒಂದು ಸುಲಭ ಅಂದಾಜು ಸಾಧ್ಯ: ದೂರವನ್ನು 850ರಿಂದ ಭಾಗಿಸಿ, ಬಂದ ಗಂಟೆಗಳಿಗೆ 40 ನಿಮಿಷ ಕೂಡಿದರೆ ಸಾಕು. ಹೈದರಾಬಾದಿನಿಂದ ಬೆಂಗಳೂರಿಗೆ ನೇರ ದೂರ ಸುಮಾರು 456 ಕಿಲೋಮೀಟರು. ಭಾಗಿಸಿದರೆ 32 ನಿಮಿಷ, 40 ಕೂಡಿದರೆ 72 ನಿಮಿಷ. ವೇಳಾಪಟ್ಟಿಗಳಲ್ಲಿ ಕಾಣುವುದೂ ಒಂದೂಕಾಲು ಗಂಟೆಯ ಆಸುಪಾಸೇ. ಶಿಕಾಗೊಗೆ ಇದೇ ಅಂದಾಜು 16 ಗಂಟೆ 17 ನಿಮಿಷ ಕೊಡುತ್ತದೆ.

ಇದನ್ನು ಒಂದು ನಿಜವಾದ ವೇಳಾಪಟ್ಟಿಯೊಂದಿಗೆ ಹೋಲಿಸಬಹುದು. 2021ರ ಜನವರಿಯಲ್ಲಿ ಏರ್ ಇಂಡಿಯಾ ಹೈದರಾಬಾದ್ ಮತ್ತು ಶಿಕಾಗೊ ನಡುವೆ ವಾರಕ್ಕೊಮ್ಮೆ ತಡೆರಹಿತ ವಿಮಾನ ಓಡಿಸಲು ಆರಂಭಿಸಿತು. ಹೈದರಾಬಾದಿನಿಂದ ಅಮೆರಿಕಕ್ಕೆ ನೇರವಾಗಿ ಹಾರಿದ ಮೊದಲ ಸೇವೆ ಅದು. ಬಳಸಿದ್ದು 238 ಆಸನಗಳ ಬೋಯಿಂಗ್ 777-200 ಎಲ್‌ಆರ್ ವಿಮಾನ. ಇದೇ ಮಾದರಿಯ ವಿಮಾನವೊಂದು 2005ರ ನವೆಂಬರಿನಲ್ಲಿ ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ಪೂರ್ವದ ದಾರಿಯಾಗಿ, ಎಲ್ಲಿಯೂ ಇಳಿಯದೆ 21,602 ಕಿಲೋಮೀಟರ್ ಹಾರಿ ದಾಖಲೆ ಬರೆದಿತ್ತು. ಹೈದರಾಬಾದ್–ಶಿಕಾಗೊ ಸೇವೆಗೆ 2021ರಲ್ಲಿ ಪ್ರಕಟವಾದ ವೇಳಾಪಟ್ಟಿಯಂತೆ ವಿಮಾನ ಶುಕ್ರವಾರ ಮಧ್ಯಾಹ್ನ 12.50ಕ್ಕೆ ಹೈದರಾಬಾದಿನಿಂದ ಹೊರಟು, ಅದೇ ಶುಕ್ರವಾರ ಸಂಜೆ 6.05ಕ್ಕೆ ಶಿಕಾಗೊ ತಲುಪಬೇಕಿತ್ತು. ಹಿಂತಿರುಗುವ ವಿಮಾನ ಬುಧವಾರ ರಾತ್ರಿ 9.30ಕ್ಕೆ ಶಿಕಾಗೊದಿಂದ ಹೊರಟು, ಗುರುವಾರ ಕಳೆದು ಶುಕ್ರವಾರ ಆರಂಭವಾದ ಮೇಲೆ, ರಾತ್ರಿ 12.40ಕ್ಕೆ ಹೈದರಾಬಾದಿನಲ್ಲಿ ಇಳಿಯಬೇಕಿತ್ತು.

ಗಡಿಯಾರವನ್ನಷ್ಟೇ ನಂಬಿದರೆ ಹೋಗಲು ಐದೂಕಾಲು ಗಂಟೆ, ಬರಲು ಇಪ್ಪತ್ತೇಳು ಗಂಟೆ ದಾಟುತ್ತದೆ! ಎರಡೂ ನಿಜವಲ್ಲ. ಪೂರ್ವ ರೇಖಾಂಶ ಎಂಬತ್ತೆರಡೂವರೆ ಡಿಗ್ರಿಯನ್ನು ಆಧರಿಸಿದ ಭಾರತದ ಕಾಲಮಾನ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ. ಚಳಿಗಾಲದಲ್ಲಿ ಶಿಕಾಗೊ ಗ್ರೀನಿಚ್‌ಗಿಂತ ಆರು ಗಂಟೆ ಹಿಂದೆ. ಎರಡೂ ಸೇರಿ ಹನ್ನೊಂದೂವರೆ ಗಂಟೆಯ ವ್ಯತ್ಯಾಸ. ಹೋಗುವಾಗಿನ ಐದೂಕಾಲು ಗಂಟೆಗೆ ಇದನ್ನು ಕೂಡಿದರೆ 16 ಗಂಟೆ 45 ನಿಮಿಷ. ಬರುವಾಗಿನ 27 ಗಂಟೆ 10 ನಿಮಿಷದಿಂದ ಇದನ್ನು ಕಳೆದರೆ 15 ಗಂಟೆ 40 ನಿಮಿಷ. ಎರಡರ ಸರಾಸರಿ 16 ಗಂಟೆ 12 ನಿಮಿಷ, ಅಂದಾಜಿನ ಅಂಕಿಗೆ ಬಹಳ ಹತ್ತಿರ. ಹೋಗುವುದಕ್ಕೂ ಬರುವುದಕ್ಕೂ ಇರುವ ಒಂದು ಗಂಟೆ ಐದು ನಿಮಿಷದ ಅಂತರ ಗಾಳಿಯದು. ಧ್ರುವದ ಕಡೆಯ ದಾರಿಯಲ್ಲಿ ಜೆಟ್ ಪ್ರವಾಹದೊಂದಿಗೆ ಸಮಾನಾಂತರವಾಗಿ ಸಾಗುವ ಭಾಗ ಕಡಿಮೆ. ಅದಕ್ಕೇ ಈ ಅಂತರ ಇಷ್ಟರಲ್ಲೇ ನಿಂತಿದೆ.

ಅಮೆರಿಕದಲ್ಲಿ ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆಗ ಶಿಕಾಗೊದ ವ್ಯತ್ಯಾಸ ಹತ್ತೂವರೆ ಗಂಟೆಗೆ ಇಳಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊಗೆ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಬೆಂಗಳೂರಿನ ಮೊದಲ ನೇರ ವಿಮಾನ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಜನವರಿ 11ರ ನಸುಕಿನಲ್ಲಿ ಇಳಿಯಿತು. ಕ್ಯಾಲೆಂಡರಿನಲ್ಲಿ ಮೂರು ತಾರೀಖುಗಳನ್ನು ಮುಟ್ಟಿದ ಆ ಪ್ರಯಾಣ ನಡೆದದ್ದು ಸುಮಾರು ಹದಿನೇಳು ಗಂಟೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಈ ನಿಯಮ ನೆನಪಿದ್ದರೆ ಬಂಧುಗಳನ್ನು ಕರೆತರಲು ತಪ್ಪು ದಿನ ನಿಲ್ದಾಣಕ್ಕೆ ಹೋಗುವ ಪ್ರಮೇಯ ಬರುವುದಿಲ್ಲ.

ನೇರ ವಿಮಾನ ಇಲ್ಲದವರು ನಡುವೆ ಎಲ್ಲಾದರೂ ಇಳಿದು ಹತ್ತಬೇಕು. ಹೈದರಾಬಾದಿನವರಿಗೆ ದುಬೈ, ದೋಹಾ, ಲಂಡನ್ ಇವು ಪರಿಚಿತ ನಡುನಿಲ್ದಾಣಗಳು. ಹೈದರಾಬಾದಿನಿಂದ ದುಬೈಗೆ ಸುಮಾರು 2,550 ಕಿಲೋಮೀಟರು, ದುಬೈಯಿಂದ ಶಿಕಾಗೊಗೆ ಸುಮಾರು 11,640. ಒಟ್ಟು 14,190. ನೇರ ದಾರಿಗಿಂತ 900 ಕಿಲೋಮೀಟರು ಹೆಚ್ಚು. ಹಾರಾಟದ ಲೆಕ್ಕದಲ್ಲಿ ಒಂದು ಗಂಟೆಯ ಮಾತು. ಲಂಡನ್ ಮೂಲಕ ಹೋದರೂ ಒಟ್ಟು ಸುಮಾರು 14,100 ಕಿಲೋಮೀಟರೇ. ಹೊತ್ತು ಬೆಳೆಯುವುದು ದೂರದಿಂದಲ್ಲ, ಕಾಯುವುದರಿಂದ. ಇನ್ನೊಂದು ಇಳಿಯುವಿಕೆ, ಮತ್ತೆ ಭದ್ರತಾ ತಪಾಸಣೆ, ಎರಡು ಮೂರು ಗಂಟೆಯ ಕಾಯುವಿಕೆ, ಮತ್ತೊಂದು ಏರುವಿಕೆ ಸೇರಿ, ಹದಿನಾರು ಹದಿನೇಳು ಗಂಟೆಯ ಪ್ರಯಾಣ ಇಪ್ಪತ್ತೊಂದು ಇಪ್ಪತ್ತೆರಡು ಗಂಟೆಗೆ ಮುಟ್ಟುತ್ತದೆ. ನಡುನಿಲ್ದಾಣವನ್ನು ಆರಿಸುವಾಗ ನಕ್ಷೆಯ ಮೇಲಿನ ದೂರಕ್ಕಿಂತ ಎರಡು ವಿಮಾನಗಳ ನಡುವಿನ ಬಿಡುವನ್ನು ನೋಡುವುದು ಹೆಚ್ಚು ಉಪಯುಕ್ತ. ಬಿಡುವು ತೀರ ಕಡಿಮೆಯಾದರೆ, ಮೊದಲ ವಿಮಾನ ತಡವಾದಾಗ ಎರಡನೆಯದು ತಪ್ಪುವ ಅಪಾಯವೂ ಉಂಟು.

ಕೊನೆಯದಾಗಿ ನೆಲದ ಮೇಲಿನ ಹೊತ್ತು. 2008ರ ಮಾರ್ಚ್‌ವರೆಗೆ ಹೈದರಾಬಾದಿನ ವಿಮಾನಗಳು ಊರ ನಡುವಿನ ಬೇಗಂಪೇಟೆಯಿಂದ ಹಾರುತ್ತಿದ್ದವು. ಆ ತಿಂಗಳು ಶಂಷಾಬಾದಿನ ಹೊಸ ನಿಲ್ದಾಣ ಕೆಲಸ ಆರಂಭಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನಗಳೂ ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಹೋದವು. ರನ್‌ವೇಗಳು ಉದ್ದವಾದವು, ದೊಡ್ಡ ವಿಮಾನಗಳು ಬಂದವು. ಜೊತೆಗೆ ಊರಿಂದ ನಿಲ್ದಾಣಕ್ಕೆ ಹೋಗುವ ಹೊತ್ತೂ ಬೆಳೆಯಿತು. ಮಾದಾಪುರದಿಂದ ಗಚ್ಚಿಬೌಲಿ, ಹೊರವರ್ತುಲ ರಸ್ತೆಯ ದಾರಿಯಾಗಿ ಶಂಷಾಬಾದಿಗೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಕಾರಿನಲ್ಲಾಗಲಿ, ಪುಷ್ಪಕ್ ಬಸ್ಸಿನಲ್ಲಾಗಲಿ, ಒಂದು ಗಂಟೆ ಇಟ್ಟುಕೊಳ್ಳಬೇಕು. ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ, ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು.

ಹೀಗೆ ಎಣಿಸಿದರೆ ಮಾದಾಪುರದಿಂದ ಬೆಂಗಳೂರಿನ ಜಯನಗರಕ್ಕೆ ನಿಲ್ದಾಣಕ್ಕೆ ಹೋಗಲು ಒಂದು ಗಂಟೆ, ನಿಲ್ದಾಣದಲ್ಲಿ ಎರಡು, ವಿಮಾನದಲ್ಲಿ ಒಂದೂಕಾಲು, ಲಗೇಜು ಪಡೆಯಲು ಅರ್ಧ, ದೇವನಹಳ್ಳಿಯಿಂದ ಮನೆಗೆ ಒಂದೂವರೆ ಸೇರಿ, ಒಟ್ಟು ಆರೂಕಾಲು ಗಂಟೆ. ವಿಮಾನದ ಪಾಲು ಅದರಲ್ಲಿ ಐದನೇ ಒಂದು ಭಾಗ ಮಾತ್ರ. 2023ರ ಸೆಪ್ಟೆಂಬರಿನಲ್ಲಿ ಕಾಚಿಗುಡ ಮತ್ತು ಯಶವಂತಪುರ ನಡುವೆ ಆರಂಭವಾದ ವಂದೇ ಭಾರತ್ ರೈಲು ಸುಮಾರು ಎಂಟೂವರೆ ಗಂಟೆ ತೆಗೆದುಕೊಳ್ಳುತ್ತದೆ. ಆಕಾಶದ ವೇಗ ರೈಲಿನ ಹಲವು ಪಟ್ಟು ಇದ್ದರೂ, ಮನೆಯಿಂದ ಮನೆಗೆ ನೋಡಿದರೆ ಲಾಭ ತೀರ ಸಣ್ಣದು. ಶಿಕಾಗೊದ ಲೆಕ್ಕ ಇದಕ್ಕೆ ತದ್ವಿರುದ್ಧ. ತಡೆರಹಿತ ವಿಮಾನವಿದ್ದರೆ ರಸ್ತೆಗೆ ಒಂದು ಗಂಟೆ, ನಿಲ್ದಾಣದಲ್ಲಿ ಮೂರು, ಆಕಾಶದಲ್ಲಿ ಹದಿನಾರೂಮುಕ್ಕಾಲು, ಅಲ್ಲಿಯ ವಲಸೆ ತಪಾಸಣೆ ಮತ್ತು ಲಗೇಜಿಗೆ ಒಂದೂಕಾಲು ಸೇರಿ ಇಪ್ಪತ್ತೆರಡು ಗಂಟೆ. ಅದರಲ್ಲಿ ಮುಕ್ಕಾಲು ಪಾಲು ಹಾರಾಟವೇ. ಶಂಷಾಬಾದನ್ನೇ ನೆಚ್ಚಿಕೊಂಡ ಬೀದರಿನವರು ಸುಮಾರು 140 ಕಿಲೋಮೀಟರ್ ರಸ್ತೆಯನ್ನು, ಕಲಬುರಗಿಯವರು ಸುಮಾರು 220 ಕಿಲೋಮೀಟರನ್ನು ಇದಕ್ಕೆ ಕೂಡಬೇಕು. ಕಲಬುರಗಿಯಲ್ಲಿ 2019ರ ನವೆಂಬರಿನಲ್ಲಿ, ಬೀದರಿನಲ್ಲಿ 2020ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣಗಳು ತೆರೆದಿದ್ದರೂ, ಅಲ್ಲಿಂದ ಹೊರದೇಶಕ್ಕೆ ಹೋಗುವವರು ದೊಡ್ಡ ನಿಲ್ದಾಣವೊಂದನ್ನು ಮುಟ್ಟಿಯೇ ಮುಂದೆ ಹೋಗಬೇಕು.

ದೂರದ ಊರಿಗೆ ಹೊರಡುವವರು ಹೊತ್ತನ್ನು ಅಂದಾಜು ಮಾಡುವ ಕ್ರಮ ಹೀಗಾಯಿತು: ಮಹಾವೃತ್ತದ ದೂರವನ್ನು ತೆಗೆದುಕೊಂಡು 850ರಿಂದ ಭಾಗಿಸಿ 40 ನಿಮಿಷ ಕೂಡಬೇಕು. ಪಶ್ಚಿಮಕ್ಕೆ ಹೋಗುವುದಾದರೆ ಅರ್ಧದಿಂದ ಒಂದು ಗಂಟೆ ಹೆಚ್ಚಿಸಬೇಕು, ಪೂರ್ವಕ್ಕಾದರೆ ಅಷ್ಟೇ ಇಳಿಸಬೇಕು. ನಡುವೆ ಇಳಿಯುವುದಿದ್ದರೆ ಕಾಯುವ ಹೊತ್ತನ್ನು ಸೇರಿಸಬೇಕು. ಯಾವುದಾದರೂ ದೇಶದ ಆಕಾಶ ಮುಚ್ಚಿದ್ದರೆ ಬಳಸುದಾರಿಯ ಹೊತ್ತನ್ನೂ ಕೂಡಬೇಕು. ಆಮೇಲೆ ಎರಡೂ ತುದಿಗಳ ರಸ್ತೆ ಮತ್ತು ನಿಲ್ದಾಣದ ಗಂಟೆಗಳನ್ನು ಸೇರಿಸಿದರೆ ಪ್ರಯಾಣದ ನಿಜವಾದ ಉದ್ದ ಸಿಗುತ್ತದೆ. ಕಾಲಮಾನದ ವ್ಯತ್ಯಾಸವನ್ನು ಲೆಕ್ಕಕ್ಕೆ ತರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ, ತಲುಪುವ ಊರಿನ ಗಡಿಯಾರದಲ್ಲಿ ಆಗ ಎಷ್ಟು ಗಂಟೆ ಎಂದು ತಿಳಿಯುವುದಕ್ಕಷ್ಟೇ.